ಗಣಕಯಂತ್ರ ಭಾಷೆಗೆ ಮೊದಲ ಪುಸ್ತಕ ಯಾವುದು?

ಯಾವುದೇ ವಿದ್ಯೆಗೂ ಮೊದಲ ಪುಸ್ತಕವು ಗುರುವಿದ್ದಂತೆ. ಅದು ಕಲಿಯುವವರ ಮಟ್ಟವನ್ನರಿತು ಕೈಹಿಡಿದರೆ ವಿದ್ಯೆ ಒಲಿಯುತ್ತದೆ. ಇಲ್ಲವಾದರೆ ಬುದ್ಧಿವಂತ ಮಕ್ಕಳೂ ‘ಇದು ನಮ್ಮಿಂದಾಗದು’ ಎಂದು ಕೈಚೆಲ್ಲುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದ ನಮ್ಮ ಮಕ್ಕಳಿಗೆ ಈ ಅಪಾಯ ಹೆಚ್ಚು. ಆದ್ದರಿಂದ ತಂದೆತಾಯಿಗಳೂ ಈ ವಿಷಯವನ್ನು ಕೊಂಚ ಅರಿತಿರುವುದು ಲೇಸೆಂದು ಭಾವಿಸುತ್ತೇವೆ.

ಮೊದಲು ನೋಡಬೇಕಾದುದು ಗ್ರಂಥದ ಕೀರ್ತಿಯನ್ನಲ್ಲ, ಅದು ಯಾರಿಗಾಗಿ ರಚಿತವಾಗಿದೆ ಎಂಬುದನ್ನು. ‘ಸಿ’ ಭಾಷೆಯ ಕರ್ತೃ ಡೆನಿಸ್ ರಿಚಿಯವರು ಬ್ರಯಾನ್ ಕರ್ನಿಘನ್ ಅವರೊಡನೆ ಬರೆದ ‘ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ 1978ರಲ್ಲಿ ಪ್ರಕಟವಾಯಿತು. 1988ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ಆ ಭಾಷೆಗೆ ಅದು ಪ್ರಮಾಣಗ್ರಂಥವೇ ಸರಿ. ಆದರೆ ಪ್ರೋಗ್ರಾಮ್ ರಚನೆಯ ಮೂಲ ಕಲ್ಪನೆಗಳನ್ನು ಓದುಗರು ಮೊದಲೇ ಬಲ್ಲರೆಂದು ಭಾವಿಸಿ ಬರೆದಿರುವುದಾಗಿ ಗ್ರಂಥಕರ್ತರೇ ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಅಕ್ಷರಾಭ್ಯಾಸದ ಮಗುವಿಗೆ ಶಾಸ್ತ್ರಗ್ರಂಥವನ್ನಿತ್ತರೆ ದೋಷವು ಶಾಸ್ತ್ರದ್ದೂ ಅಲ್ಲ, ಮಗುವಿನದೂ ಅಲ್ಲ.

ಎರಡನೆಯದು ಪುಸ್ತಕದ ಕಾಲ. 1991ರಲ್ಲಿ ಹೊರಬಂದ ‘ಪೈಥಾನ್’ ಭಾಷೆಯ ಮೂರನೆಯ ರೂಪ 2008ರಲ್ಲಿ ಬಂದಿತು. ಎರಡನೆಯದರ ಪೋಷಣೆ 2020ರ ಆರಂಭಕ್ಕೆ ನಿಂತಿತು. ಏಳನ್ನು ಎರಡರಿಂದ ಭಾಗಿಸೆಂದರೆ ಹಳೆಯ ಪೈಥಾನ್ ಮೂರು ಎನ್ನುತ್ತಿತ್ತು, ಹೊಸದು ಮೂರೂವರೆ ಎನ್ನುತ್ತದೆ. ಅಗ್ಗವೆಂದು ತಂದ ಹಳೆಯ ಪುಸ್ತಕದ ಉತ್ತರ ಯಂತ್ರದ ಉತ್ತರಕ್ಕೆ ಹೊಂದದಿದ್ದಾಗ, ಮಗು ತನ್ನ ಬುದ್ಧಿಯನ್ನೇ ಶಂಕಿಸುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಮುದ್ರಣದ ವರ್ಷವನ್ನೂ ಭಾಷೆಯ ಆವೃತ್ತಿಯನ್ನೂ ನೋಡಿರಿ.

ಮೂರನೆಯದು ಅಭ್ಯಾಸ. ಪ್ರತಿ ಅಧ್ಯಾಯದ ಕೊನೆಗೆ ಮಾಡಿ ನೋಡುವ ಲೆಕ್ಕಗಳಿಲ್ಲದ ಪುಸ್ತಕ ನಡೆಯಿಲ್ಲದ ನುಡಿಯಂತೆ. ಅಲೆನ್ ಡೌನಿಯವರ ‘ಥಿಂಕ್ ಪೈಥಾನ್’ ಏನೂ ಅರಿಯದವರಿಗೆಂದೇ ರಚಿತವಾದುದು. ಅಭ್ಯಾಸಗಳೂ ಅದರಲ್ಲಿವೆ; ಲೇಖಕರು ಅದನ್ನು ಅಂತರಜಾಲದಲ್ಲಿ ಉಚಿತವಾಗಿಯೇ ಇರಿಸಿದ್ದಾರೆ. 2015ರ ಎರಡನೆಯ ಆವೃತ್ತಿ ಅಥವಾ ಅದರ ನಂತರದ್ದನ್ನೇ ಆರಿಸಬೇಕು.

ಪರೀಕ್ಷೆ ಸುಲಭ. ಗ್ರಂಥಾಲಯದಿಂದ ತಂದ ಪುಸ್ತಕದ ಮೊದಲೆರಡು ಅಧ್ಯಾಯಗಳನ್ನು ಮಗು ತಾನೇ ಓದಲಿ, ಉದಾಹರಣೆಗಳನ್ನು ಸ್ವತಃ ಬೆರಳಚ್ಚಿಸಲಿ, ಬಳಿಕ ತಿಳಿದುದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಲಿ. ಹೇಳಬಲ್ಲುದಾದರೆ ಆ ಪುಸ್ತಕವನ್ನು ಕೊಳ್ಳಿರಿ. ತಡವರಿಸಿದರೆ ಮಗುವನ್ನು ಗದರದೆ ಪುಸ್ತಕವನ್ನು ಬದಲಿಸಿರಿ. ಆರಿಸಿದ ಮೇಲೆ ಮಾತ್ರ ಹತ್ತಕ್ಕೆ ಕೈಹಾಕದೆ ಆ ಒಂದನ್ನೇ ಕೊನೆಮುಟ್ಟಿಸಬೇಕು.

ಅರಿವೇ ಗುರುವೆಂದು ನಂಬಿದ ಪರಂಪರೆ ನಮ್ಮದು. ಆ ಅರಿವಿನ ಬಾಗಿಲು ಒಂದು ತಪ್ಪು ಪುಸ್ತಕದಿಂದ ಯಾವ ಮಗಳಿಗೂ ಯಾವ ಮಗನಿಗೂ ಮುಚ್ಚದಿರಲಿ.