ಸೆರೆಮನೆಯ ಸಹೋದರಿಗೂ ಚಿಕಿತ್ಸೆ ಬೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಕುಡಿತದ ಚಟದ ಗಂಡಸು ಜೈಲು ಸೇರಿದರೆ, ತಾಯಿಯೋ ಹೆಂಡತಿಯೋ ಚಿಕ್ಕಮಗಳೂರಿನ ಬಸ್ಸು ಹತ್ತುತ್ತಾರೆ. ಅದೇ ಚಟದ ಹೆಣ್ಣು ಜೈಲು ಸೇರಿದರೆ ಮನೆಯವರು ಅವಳ ಹೆಸರೆತ್ತಲೂ ನಾಚುತ್ತಾರೆ.

ಆದರೆ ಈ ಕಾಯಿಲೆ ಹೆಣ್ಣಿನಲ್ಲೇ ಬೇಗ ಬಲಿಯುತ್ತದೆ. ಆಕೆಯ ದೇಹದಲ್ಲಿ ನೀರಿನಂಶ ಕಡಿಮೆ. ಅಷ್ಟೇ ಮದ್ಯ ಹೆಚ್ಚು ಹಾನಿ ಮಾಡುತ್ತದೆ. ಎಷ್ಟೋ ವೇಳೆ ಚಟದ ಹಿಂದೆ ಹೊಡೆತ, ಖಿನ್ನತೆ, ಮಕ್ಕಳ ಚಿಂತೆಯಿರುತ್ತದೆ. ಗಂಡಸರಿಗೆಂದು ರೂಪಿಸಿದ ಚಿಕಿತ್ಸೆ ಇವನ್ನು ಮುಟ್ಟುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ತೊಂದರೆಯೂ ಮಾನಸಿಕ ಕಾಯಿಲೆಯೇ. ಕೈದಿಗೂ ಚಿಕಿತ್ಸೆಯ ಹಕ್ಕಿದೆ. ವಿಪರೀತ ಕುಡಿತ ಒಮ್ಮೆಲೇ ನಿಂತರೆ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮುಚ್ಚಿಡದೆ ಜೈಲಿನ ವೈದ್ಯರಿಗೆ ತಿಳಿಸಿ. ಬಿಡುಗಡೆಯ ದಿನ ಅವಳಿಗೂ ಮನೆಯ ಬಾಗಿಲು ತೆರೆದಿರಲಿ.