ಲುಪ್ತಪದಗಳ ಊಹೆಯೂ ಅದರ ಮೇರೆಯೂ

ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗೆ ನಡುನಡುವೆ ಪದಗಳನ್ನು ಬಿಟ್ಟ ವಾಕ್ಯಗಳನ್ನು ಕೊಟ್ಟು, ಸಂದರ್ಭವನ್ನು ನೋಡಿ ಅವನ್ನು ತುಂಬುವಂತೆ ಹೇಳುವ ಪದ್ಧತಿಯು ನಮ್ಮ ಪಾಠಶಾಲೆಗಳಲ್ಲಿ ರೂಢವಾಗಿರುವುದು. ೧೯೫೩ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಎಂಬವರು ಇಂಥದೊಂದು ಕ್ರಮಕ್ಕೆ 'ಕ್ಲೋಜ್' ಎಂದು ಹೆಸರಿಟ್ಟು, ಬರಹದ ಸುಗಮತೆಯನ್ನು ಅಳೆಯಲು ಬಳಸಿದರು. ಕನ್ನಡದಲ್ಲಿ ಶಾಸನಪರಿಶೋಧಕರು ಅದಕ್ಕೆ ಬಹು ಮೊದಲೇ ಈ ಕೆಲಸವನ್ನು ಕೈಕೊಂಡಿದ್ದರು. ಭೇದವೇನೆಂದರೆ, ಇಲ್ಲಿ ಪದಗಳನ್ನು ಅಳಿಸಿದವನು ಪರೀಕ್ಷಕನಲ್ಲ, ಮಳೆಬಿಸಿಲುಗಳು. ಸರಿಯುತ್ತರದ ಪಟ್ಟಿಯು ಯಾರ ಕೈಯಲ್ಲಿಯೂ ಇಲ್ಲ.

ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯು ಇಂಥ ಅಭ್ಯಾಸಕ್ಕೆ ಒಳ್ಳೆಯ ನೆಲ. ಹಾನಗಲ್ಲೆಂದರೆ ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ಈ ಕಡೆಯ ಶಾಸನಗಳ ರೂಢಿಯನ್ನು ಆಧರಿಸಿ ವಿಚಾರಿಸತಕ್ಕ ಪ್ರಶ್ನೆಯು ಇಷ್ಟೆ: ಸಂದರ್ಭವು ಕಳೆದುಹೋದ ಪದವನ್ನು ಎಷ್ಟರಮಟ್ಟಿಗೆ ತಂದುಕೊಡಬಲ್ಲದು?

ಮೊದಲು ವ್ಯಾಕರಣವನ್ನು ನೋಡೋಣ. ದಾನಿಯ ಹೆಸರು ಸವೆದು, ಕೊನೆಯಲ್ಲಿ 'ಕೊಟ್ಟಳ್' ಎಂಬ ಕ್ರಿಯೆಯೊಂದೇ ಉಳಿದರೂ ದಾನಿಯು ಸ್ತ್ರೀಯೆಂಬುದು ನಿಶ್ಚಿತ. ಇಂಗ್ಲಿಷಿನ ಭೂತಕಾಲದ ಕ್ರಿಯೆಯು ಅಷ್ಟನ್ನು ಹೇಳಲಾರದು. ಅದು ಬೇರೆ ಕಡೆಯಲ್ಲಿ ಸುಳುಹು ಕೊಡುವುದು: 'ಆನ್' ಎಂಬುದಿದ್ದರೆ ಮುಂದಿನ ಪದವು ಸ್ವರೋಚ್ಚಾರದಿಂದ ತೊಡಗಬೇಕು. ಎರಡು ಭಾಷೆಗಳಲ್ಲಿಯೂ ದೊರೆತದ್ದು ಪದದ ಜಾತಿಯೇ ಹೊರತು ಪದವಲ್ಲ.

ಛಂದಸ್ಸಿನ ನೆರವು ಇದಕ್ಕಿಂತ ಬಿಗಿಯಾದುದು. ಕಂದಪದ್ಯದ ಒಂದನೆಯ, ಮೂರನೆಯ ಪಾದಗಳಿಗೆ ೧೨ ಮಾತ್ರೆ. ಎರಡನೆಯ, ನಾಲ್ಕನೆಯವಕ್ಕೆ ೨೦. ಆದಕಾರಣ ಎಷ್ಟು ಮಾತ್ರೆಗಳು ಲುಪ್ತವಾದುವೆಂಬುದನ್ನು ಎಣಿಸಬಹುದು. ದ್ವಿತೀಯಾಕ್ಷರಪ್ರಾಸವಿರುವುದರಿಂದ ಪಾದದ ಎರಡನೆಯ ಅಕ್ಷರವು ಅಳಿಸಿದ್ದರೆ ಅದರ ವ್ಯಂಜನವನ್ನು ಉಳಿದ ಪಾದಗಳೇ ನುಡಿಯುವುವು. ಅದರ ಸ್ವರವನ್ನು ಮಾತ್ರ ಹೇಳಲಾರವು.

ನಿಜವಾದ ಸ್ವಾರಸ್ಯವಿರುವುದು ಕಾಲನಿರ್ದೇಶದಲ್ಲಿ. ನಮ್ಮ ಶಾಸನಕಾರರು ವರ್ಷವನ್ನು ಅಂಕೆಯಿಂದ ಹೇಳಿ ಮತ್ತೆ ಸಂವತ್ಸರದ ಹೆಸರಿನಿಂದಲೂ ಹೇಳುವರು. ಒಂದು ಕೆಟ್ಟರೆ ಇನ್ನೊಂದು ಸಾಕ್ಷಿ. ಆರನೆಯ ವಿಕ್ರಮಾದಿತ್ಯನ ಚಾಳುಕ್ಯವಿಕ್ರಮವರ್ಷವು ೧೦೭೬ರ ನಳ ಸಂವತ್ಸರದಿಂದ ಮೊದಲಾಗುವುದು. ಅವನ ಆಳ್ವಿಕೆಯು ೧೧೨೬ಕ್ಕೆ ಮುಗಿದುದರಿಂದ, ೬೦ ಹೆಸರುಗಳ ಚಕ್ರದಲ್ಲಿ ಯಾವ ಸಂವತ್ಸರವೂ ಆ ಅವಧಿಯಲ್ಲಿ ಎರಡು ಸಲ ಬರಲಾರದು. ಹೀಗಾಗಿ ಅವನ ಕಾಲದ ಕಲ್ಲಿನಲ್ಲಿ ಅಂಕೆಯು ಹೋಗಿ 'ವಿರೋಧಿ' ಎಂಬಷ್ಟು ಉಳಿದು ಮುಂದೆ ಒಡೆದಿದ್ದರೂ ಚಿಂತೆಯಿಲ್ಲ. ವಿರೋಧಿಕೃತ್ ಸಂವತ್ಸರವು ೧೦೭೧ರಲ್ಲಿಯೂ ೧೧೩೧ರಲ್ಲಿಯೂ ಬರುವುದರಿಂದ ಅದು ಹೊರಗಾಯಿತು. ೩೪ನೆಯ ವರ್ಷದ, ಎಂದರೆ ೧೧೦೯ರ, ವಿರೋಧಿಯೇ ನಿಲ್ಲುವುದು. ಆದರೆ 'ಸರ್ವ' ಎಂದು ಉಳಿದಿದ್ದರೆ ಸರ್ವಜಿತ್ತೋ ಸರ್ವಧಾರಿಯೋ, ೧೧೦೭ೋ ೧೧೦೮ೋ ತಿಳಿಯದು. ಶುಭಕೃತ್, ಶೋಭಕೃತ್‌ಗಳ ಪಾಡಂತೂ ಒಂದು ಸ್ವರಚಿಹ್ನೆಯನ್ನೇ ನಂಬಿಕೊಂಡಿದೆ. ಅಲ್ಲಿ ತಿಥಿವಾರಗಳನ್ನು ಗಣಿಸಿ ನೋಡದೆ ಬೇರೆ ಉಪಾಯವಿಲ್ಲ.

ಇದೇ ಬಗೆಯ ಇಮ್ಮಡಿ ಸಾಕ್ಷ್ಯವು ಕಾವ್ಯಗಳಲ್ಲಿಯೂ ಉಂಟು. ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ ರಚಿತವಾದ ಉತ್ತರಪುರಾಣದ ಪ್ರಶಸ್ತಿಯು ಶಕ ೮೨೦ ಎಂದೂ ಪಿಂಗಳ ಎಂದೂ ಹೇಳುವುದು. ದಕ್ಷಿಣದ ಎಣಿಕೆಯಲ್ಲಿ ಪಿಂಗಳಕ್ಕೆ ಗತಶಕ ೮೧೯, ಕ್ರಿ. ಶ. ೮೯೭-೯೮. ೮೨೦ನ್ನು ಗತವೆಂದು ಹಿಡಿದರೆ ಕಾಳಯುಕ್ತವಾಗಬೇಕಾಗಿತ್ತು. ಒಂದು ಹೆಸರು ಅಂಕೆಯ ಅರ್ಥವನ್ನೇ ಗೊತ್ತುಪಡಿಸಿತು.

ನಾಡುಗಳ ಸಂಖ್ಯೆಗಳಲ್ಲಿಯೂ ಊಹೆಯು ಒಂದು ದಿಕ್ಕಿನಲ್ಲಿ ಮಾತ್ರ ನಡೆಯುವುದು. 'ಪಾನುಂಗಲ್' ಉಳಿದು ಮುಂದಿನ ಸಂಖ್ಯೆಯು ಹೋದರೆ ೫೦೦ ಎಂದು ತುಂಬಬಹುದು. ೧೨೦೦೦ ಎಂಬುದು ಉಳಿದು ಹೆಸರು ಹೋದರೆ ಬನವಾಸಿಯೂ ಆಗಬಹುದು, ಹಲಸಿಗೆಯೂ ಆಗಬಹುದು. ಪುಲಿಗೆರೆ, ಬೆಳ್ವೊಲಗಳು ಎರಡೂ ೩೦೦. ಇನ್ನು ದತ್ತಿಯ ಮತ್ತರುಗಳೆಷ್ಟು, ಗದ್ಯಾಣಗಳೆಷ್ಟು ಎಂಬುದಕ್ಕೆ ಇಂಥ ಆಧಾರವೂ ಇಲ್ಲ.

ಹಿರೇಕೆರೂರ ಕಡೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಶಾಸನವಿದೆ. ಫ್ಲೀಟರು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಬಿಜ್ಜಳನು ಜಯಪತ್ರವನ್ನು ಕೊಟ್ಟ ಸಂಗತಿಯೂ, ಹಾನಗಲ್ಲಿನ ಕದಂಬ ಕಾಮದೇವನು ಮಲ್ಲವಳ್ಳಿಯನ್ನು ದತ್ತಿ ಬಿಟ್ಟ ಸಂಗತಿಯೂ ಅದರಲ್ಲಿವೆ. 'ಮಲ್ಲವಳ್ಳಿ' ಎಂಬ ನಾಲ್ಕು ಅಕ್ಷರಗಳು ಚಕ್ಕೆಯೆದ್ದು ಹೋಗಿದ್ದವೆಂದು ಭಾವಿಸಿರಿ. ಅಲ್ಲಿ ಒಂದು ಊರಿನ ಹೆಸರಿರಬೇಕೆಂದು ಸಂದರ್ಭವು ಹೇಳುತ್ತಿತ್ತು. ಆ ಊರು ಯಾವುದೆಂದು ಎಷ್ಟು ದೊಡ್ಡ ಪಂಡಿತನಿಗೂ ಹೊಳೆಯುತ್ತಿರಲಿಲ್ಲ. ಎಲ್ಲರಿಗೂ ಬಾಯಿಪಾಠವಾದ ಬಿರುದುಗಳು ಸುಲಭವಾಗಿ ಮರಳಿ ಬರುವುವು. ಚರಿತ್ರಕಾರನಿಗೆ ಬೇಕಾದ ಊರು, ಹೆಸರು, ಮೊತ್ತಗಳು ಬಾರವು. ಇಂಗ್ಲಿಷ್ ತರಗತಿಯಲ್ಲಿಯೂ ಉಪಪದಗಳನ್ನು ತುಂಬಿದ ಹುಡುಗನು ವಿಶೇಷನಾಮದೆಡೆಯಲ್ಲಿ ನಿಲ್ಲುವುದು ಅವನ ದಡ್ಡತನದಿಂದಲ್ಲ.

ಊಹಿಸಿದ ಅಕ್ಷರಗಳನ್ನು ಕಂಸದಲ್ಲಿಟ್ಟು, ಊಹೆಗೆ ನಿಲುಕದವನ್ನು ಚುಕ್ಕಿಗಳಿಂದ ತೋರಿಸುವ ಸಂಪ್ರದಾಯವು ಇದಕ್ಕಾಗಿಯೇ ಹುಟ್ಟಿದುದು. ಗ್ರಂಥದಿಂದ ಗ್ರಂಥಕ್ಕೆ ಹೋಗುವಾಗ ಕಂಸಗಳು ಉದುರಿದರೆ ಊಹೆಯು ಶಿಲಾಸಾಕ್ಷ್ಯದ ವೇಷವನ್ನು ತಳೆಯುವುದು. 'ಬನವಾಸೀಪುರವರಾಧೀಶ್ವರ' ಎಂಬ ಬಿರುದು ಹಾನಗಲ್ಲಿನ ಕದಂಬರಿಗೂ ಗೋವೆಯ ಕದಂಬರಿಗೂ ಸಮಾನವಾದುದು. ಅದರ ಮುಂದೆ ಅರಸನ ಹೆಸರು ಸವೆದಿದ್ದು ಬೇರೆ ಆಧಾರವಿಲ್ಲದಿದ್ದರೆ ಕಂಸದೊಳಗೆ 'ಕದಂಬ' ಎಂದಷ್ಟೇ ಬರೆದು, ಮುಂದೆ ಚುಕ್ಕಿಗಳನ್ನಿಡತಕ್ಕದ್ದು.