ಮುಚ್ಚಿದ ಕಾರಿನೊಂದಿಗೆ ಹುಟ್ಟಿದ ಬೀಡಿಂಗ್

ಕಾರಿನ ಬಾಗಿಲು ಮುಚ್ಚಿದಾಗ ಬಾಗಿಲಿನ ಅಂಚಿಗೂ ಬಾಡಿಯ ಚೌಕಟ್ಟಿಗೂ ನಡುವೆ ಉಳಿಯುವ ಕೆಲವೇ ಮಿಲಿಮೀಟರ್ ಸಂದನ್ನು ತುಂಬಿ, ಮಳೆನೀರು, ದೂಳು, ಗಾಳಿ, ಸದ್ದು ಒಳನುಗ್ಗದಂತೆ ತಡೆಯುವ ಪಟ್ಟಿಯನ್ನು ಗ್ಯಾರೇಜುಗಳಲ್ಲಿ ಡೋರ್ ಬೀಡಿಂಗ್ ಅಥವಾ ಡೋರ್ ರಬ್ಬರ್ ಎನ್ನುತ್ತಾರೆ. ಹಳೆಯ ಕಾರೊಂದನ್ನು ಮೂಲ ಸ್ಥಿತಿಗೆ ತರುವಾಗ ಎಂಜಿನ್ನಿಗೂ ಟಿಂಕರಿಂಗಿಗೂ ಪೇಂಟಿಂಗಿಗೂ ಸಲ್ಲುವ ಗಮನ ಈ ಪಟ್ಟಿಗೆ ಸಲ್ಲುವುದು ಅಪರೂಪ. ಆದರೆ ಬಾಡಿಯ ಕೆಲಸವೆಲ್ಲ ನೇರವಾಗಿ ನಡೆದಿದೆಯೇ ಎಂಬುದು ಕೊನೆಗೆ ಬೀಡಿಂಗ್ ಕೂರಿಸಿ ಬಾಗಿಲು ಮುಚ್ಚಿದಾಗಲೇ ಬಯಲಾಗುತ್ತದೆ. ಜೋತುಬಿದ್ದ ಬಾಗಿಲನ್ನೂ ಸೊಟ್ಟಗಾದ ಚೌಕಟ್ಟನ್ನೂ ದಪ್ಪ ರಬ್ಬರಿನಿಂದ ಮರೆಮಾಚಬಹುದೆಂದು ನಂಬಿದವರು ಮೊದಲ ಮಳೆಗಾಲದಲ್ಲೇ ನಿರಾಶರಾಗುತ್ತಾರೆ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಈ ಪಟ್ಟಿ ಯಾವ ಅಗತ್ಯದಿಂದ ಹುಟ್ಟಿತು, ಯಾವ ಯಾವ ರೂಪಗಳನ್ನು ತಾಳುತ್ತಾ ಬಂತು ಎಂಬುದನ್ನು ನೋಡಬೇಕು.

ಮಾಡೇ ಇಲ್ಲದ ಕಾಲ

ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳ ಕಾರುಗಳಲ್ಲಿ ಹೆಚ್ಚಿನವು ಕುದುರೆಗಾಡಿಯ ವಂಶಕ್ಕೆ ಸೇರಿದ ತೆರೆದ ವಾಹನಗಳಾಗಿದ್ದು, ಅವುಗಳಿಗೆ ಮಡಚುವ ಬಟ್ಟೆಯ ಹುಡ್ ಇರುತ್ತಿತ್ತು, ಪಕ್ಕಗಳಿಗೆ ಮಳೆ ಬಂದಾಗ ಗುಂಡಿ ಹಾಕಿ ಬಿಗಿಯುವ ಪರದೆಗಳಿರುತ್ತಿದ್ದವು. ಗಾಳಿ ಎಲ್ಲ ಕಡೆಯಿಂದಲೂ ಬೀಸುವಾಗ ಬಾಗಿಲಿನ ಸಂದೊಂದನ್ನು ಮುಚ್ಚಿ ಪ್ರಯೋಜನವಿರಲಿಲ್ಲವಾದ್ದರಿಂದ ಬೀಡಿಂಗ್ ಎಂಬ ವಸ್ತುವಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಗಟ್ಟಿ ಮಾಡು ಮತ್ತು ಗಾಜಿನ ಕಿಟಕಿಗಳಿದ್ದ ಮುಚ್ಚಿದ ಕಾರುಗಳೂ ತಯಾರಾಗುತ್ತಿದ್ದವು, ಆದರೆ ಅವು ಸಿರಿವಂತರ ಸೊತ್ತು.

ಈ ಚಿತ್ರ ಬದಲಾದದ್ದು 1920ರ ದಶಕದಲ್ಲಿ. ಜನರಲ್ ಮೋಟಾರ್ಸ್‌ನ ಮುಖ್ಯಸ್ಥರಾಗಿದ್ದ ಆಲ್ಫ್ರೆಡ್ ಸ್ಲೋನ್ ತಮ್ಮ ಆತ್ಮಕಥನದಲ್ಲಿ ಕೊಟ್ಟಿರುವ ಲೆಕ್ಕದಂತೆ, 1919ರಲ್ಲಿ ಅಮೆರಿಕದ ಕಾರು ಉದ್ಯಮದ ಒಟ್ಟು ಮಾರಾಟದಲ್ಲಿ ಸುಮಾರು ಶೇ 10ರಷ್ಟಿದ್ದ ಮುಚ್ಚಿದ ಕಾರುಗಳ ಪಾಲು 1924ರಲ್ಲಿ ಶೇ 43ಕ್ಕೂ 1927ರಲ್ಲಿ ಶೇ 85ಕ್ಕೂ ಏರಿತು. ಈ ಏರಿಕೆಗೆ ದಾರಿ ಮಾಡಿದ್ದು ಬೆಲೆಯ ಇಳಿಕೆ: ಹಡ್ಸನ್ ಕಂಪನಿಯ ಎಸೆಕ್ಸ್ ಕಾರಿನ ಮುಚ್ಚಿದ ಮಾದರಿ 1921ರಲ್ಲಿ 1,495 ಡಾಲರಿಗೆ, ಅಂದರೆ ಅದೇ ಕಾರಿನ ತೆರೆದ ಮಾದರಿಗಿಂತ 300 ಡಾಲರ್ ಹೆಚ್ಚಿಗೆ ಮಾರುಕಟ್ಟೆಗೆ ಬಂದು, 1925ರ ಹೊತ್ತಿಗೆ ತೆರೆದ ಮಾದರಿಗಿಂತ 5 ಡಾಲರ್ ಅಗ್ಗವಾಗಿತ್ತು. ಹೀಗೆ ಮಧ್ಯಮ ವರ್ಗದ ಕುಟುಂಬಗಳು ಮಾಡಿನಡಿ ಕೂತು ಪ್ರಯಾಣ ಮಾಡತೊಡಗಿದಾಗ, ತೆರೆದ ಕಾರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಸಂದಿನ ಗಾಳಿ, ಬಾಗಿಲಿನ ಗಡಗಡ ಸದ್ದು, ಸೀಟಿನ ಅಂಚಿಗೆ ಇಳಿಯುವ ನೀರು ಇವೆಲ್ಲ ದೂರಿನ ವಿಷಯಗಳಾದವು.

ಮರದ ಬಾಡಿ, ಬಟ್ಟೆಯ ಅಂಚು

ಆ ಕಾಲದ ಬಾಡಿಗಳಲ್ಲಿ ಹೆಚ್ಚಿನವು ಮರದ ಹಂದರದ ಮೇಲೆ ತಗಡು ಹೊದಿಸಿ ಮಾಡಿದವು. ಇಂಗ್ಲೆಂಡಿನಲ್ಲಿ ಇದಕ್ಕೆ ಆ್ಯಶ್ ಮರವನ್ನು ಬಳಸುತ್ತಿದ್ದರು. ರಸ್ತೆಯ ಏರುತಗ್ಗಿಗೆ ಚಾಸಿ ತಿರುಚಿಕೊಂಡಂತೆ ಮರದ ಹಂದರವೂ ಅಲುಗುತ್ತಿತ್ತು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತಿತ್ತು. ಆದ್ದರಿಂದ ಬಾಗಿಲಿನ ಸಂದು ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಒಂದೇ ಅಳತೆಯಲ್ಲಿ ಇರುತ್ತಿರಲಿಲ್ಲ. ಇಂಥ ಬಾಗಿಲಿಗೆ ಬಾಡಿ ಕಟ್ಟುವವರು ಬಳಸಿದ್ದು ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್ ಪಟ್ಟಿಯನ್ನು ಮತ್ತು ವಿಂಡ್‌ಲೇಸ್ ಎಂಬ ಬಟ್ಟೆಯ ಅಂಚನ್ನು. ರವಿಕೆಯ ಅಂಚಿಗೆ ದಾರ ಸೇರಿಸಿ ಹೊಲಿಯುವ ಪೈಪಿಂಗ್‌ನಂತೆ, ಹಗ್ಗ ಅಥವಾ ರಬ್ಬರ್ ಕೊಳವೆಯೊಂದಕ್ಕೆ ಸೀಟಿನ ಬಟ್ಟೆಯನ್ನೋ ತೊಗಲನ್ನೋ ಸುತ್ತಿ ಹೊಲಿದು, ಹೊರಗುಳಿದ ಚಪ್ಪಟೆ ಅಂಚನ್ನು ಮರದ ಚೌಕಟ್ಟಿಗೆ ಸಣ್ಣ ಮೊಳೆಗಳಿಂದ ಬಡಿದರೆ ವಿಂಡ್‌ಲೇಸ್ ಸಿದ್ಧವಾಗುತ್ತಿತ್ತು. ಅದು ಗಾಳಿಯನ್ನು ತಡೆಯುತ್ತಿತ್ತು, ನೋಟಕ್ಕೂ ಒಪ್ಪುತ್ತಿತ್ತು, ಆದರೆ ನೀರನ್ನು ಪೂರ್ತಿಯಾಗಿ ತಡೆಯಬಲ್ಲ ವಸ್ತುವಾಗಿರಲಿಲ್ಲ.

1930ಕ್ಕಿಂತ ಹಿಂದಿನ ಕಾರನ್ನು ಕೈಗೆತ್ತಿಕೊಂಡವರು ಈ ಮಾತನ್ನು ನೆನಪಿನಲ್ಲಿಡಬೇಕು. ಆ ಕಾರಿನ ಕೀಲುಗಳೂ ಚಿಲಕವೂ ಮೆತ್ತನೆಯ ಬಟ್ಟೆಯ ಅಂಚಿಗೆ ತಕ್ಕಂತೆ ರೂಪುಗೊಂಡಿರುವುದರಿಂದ, ಅಲ್ಲಿಗೆ ಇಂದಿನ ಗಟ್ಟಿ ರಬ್ಬರ್ ಬೀಡಿಂಗ್ ಅಂಟಿಸಿದರೆ ಬಾಗಿಲನ್ನು ಪ್ರತಿಸಲವೂ ಬಲವಾಗಿ ಬಡಿಯಬೇಕಾಗುತ್ತದೆ, ಆ ಹೊಡೆತಕ್ಕೆ ಮರದ ಕಂಬದಲ್ಲಿನ ಸ್ಕ್ರೂಗಳು ಸಡಿಲವಾಗುತ್ತವೆ, ಮತ್ತು ನೀರನ್ನು ತಡೆಯಲು ಹಾಕಿದ ಪಟ್ಟಿಯೇ ಕೊನೆಗೆ ಬಾಗಿಲನ್ನು ಜೋತುಬೀಳಿಸುತ್ತದೆ.

ಉಕ್ಕಿನ ಬಾಡಿಗೆ ರಬ್ಬರಿನ ಅಂಚು

ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಂಪನಿ 1910ರ ದಶಕದಲ್ಲೇ ಡಾಜ್ ಕಾರುಗಳಿಗೆ ಉಕ್ಕಿನ ಬಾಡಿಗಳನ್ನು ಒದಗಿಸಿತ್ತು. 1934ರಲ್ಲಿ ಬಂದ ಫ್ರಾನ್ಸಿನ ಸಿಟ್ರೋಯೆನ್ ಟ್ರಾಕ್ಷನ್ ಅವಾಂ ಕಾರಿನಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲದೆ ಬಾಡಿಯೇ ಎಲ್ಲ ಭಾರವನ್ನೂ ಹೊರುವ ರಚನೆ ಹೆಚ್ಚಿನ ಸಂಖ್ಯೆಯ ತಯಾರಿಕೆಗೆ ಒಗ್ಗಿತು. ಅಚ್ಚಿನಲ್ಲಿ ಒತ್ತಿದ ಉಕ್ಕಿನ ತಗಡುಗಳನ್ನು ವೆಲ್ಡ್ ಮಾಡಿ ಕಟ್ಟಿದ ಇಂಥ ಬಾಡಿಯಿಂದ ಬೀಡಿಂಗಿಗೆ ಎರಡು ಅನುಕೂಲಗಳಾದವು: ಬಾಗಿಲಿನ ಸಂದು ಕಾರಿನಿಂದ ಕಾರಿಗೆ ಬಹುತೇಕ ಒಂದೇ ಅಳತೆಗೆ ಬಂತು, ಮತ್ತು ಎರಡು ತಗಡುಗಳನ್ನು ಜೋಡಿಸಿ ವೆಲ್ಡ್ ಮಾಡಿದಲ್ಲಿ ಬಾಗಿಲ ಚೌಕಟ್ಟಿನ ಸುತ್ತ ಒಂದು ತೆಳು ಅಂಚು ಉಳಿಯಿತು. ಒಳಗೆ ಲೋಹದ ಹಲ್ಲುಗಳಿರುವ ಬೀಡಿಂಗನ್ನು ಈ ಅಂಚಿನ ಮೇಲೆ ನೇರವಾಗಿ ಒತ್ತಿ ಕೂರಿಸುವ ಪದ್ಧತಿ ಬೆಳೆದದ್ದು ಹೀಗೆ.

ಮುಚ್ಚುವಿಕೆ ಎಷ್ಟು ಬಿಗಿಯಾಗಬಲ್ಲದು ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಬೀಟಲ್ ಪ್ರಸಿದ್ಧ ಉದಾಹರಣೆ. ಅದರ ಕಿಟಕಿಗಳನ್ನೆಲ್ಲ ಏರಿಸಿಟ್ಟು ಬಾಗಿಲನ್ನು ತಳ್ಳಿದರೆ ಒಳಗಿನ ಗಾಳಿಗೆ ಹೊರಹೋಗಲು ಜಾಗ ಸಾಲದೆ ಅದು ಬಾಗಿಲನ್ನು ಮರಳಿ ತಳ್ಳುತ್ತದೆ. ಗಾಜನ್ನು ಸ್ವಲ್ಪ ಇಳಿಸಿದರೆ ಬಾಗಿಲು ಸಲೀಸಾಗಿ ಮುಚ್ಚುತ್ತದೆ ಎಂಬುದು ಆ ಕಾರಿನ ಮಾಲೀಕರಿಗೆಲ್ಲ ತಿಳಿದ ಸಂಗತಿ. ನಂತರದ ಕಾರುಗಳ ಹಿಂಭಾಗದಲ್ಲಿ ಗಾಳಿ ಹೊರಹೋಗಲೆಂದೇ ಸಣ್ಣ ಕವಾಟಗಳನ್ನು ಇಡುವ ರೂಢಿ ಬಂತು.

ಬಿರುಕು ಬಿಡದ ರಬ್ಬರಿನ ಹುಡುಕಾಟ

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಲ್ಕನೀಕರಣದಿಂದ, ಅಂದರೆ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಅದರ ಉದ್ದನೆಯ ಅಣುಸರಪಳಿಗಳ ನಡುವೆ ಬೆಸುಗೆ ಹಾಕುವ ಕ್ರಿಯೆಯಿಂದ, ಬಿಸಿಲಿಗೆ ಅಂಟಾಗಿ ಚಳಿಗೆ ಪೆಡಸಾಗುತ್ತಿದ್ದ ರಬ್ಬರು ಬಳಕೆಗೆ ಯೋಗ್ಯವಾಯಿತು. ಆದರೂ ನೈಸರ್ಗಿಕ ರಬ್ಬರಿನ ಅಣುಸರಪಳಿಯ ಉದ್ದಕ್ಕೂ ಇರುವ ಜೋಡಿ ಬಂಧಗಳನ್ನು ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಅನಿಲ ಕಡಿದುಹಾಕುತ್ತದೆ. ಎಳೆತಕ್ಕೆ ಒಳಗಾದ ರಬ್ಬರಿನಲ್ಲಿ ಈ ಹಾನಿ ಎದ್ದು ಕಾಣುತ್ತದೆ: ಎಳೆತದ ದಿಕ್ಕಿಗೆ ಅಡ್ಡವಾಗಿ ಮೊದಲು ಕೂದಲೆಳೆಯಂಥ ಬಿರುಕುಗಳು ಮೂಡಿ, ಕ್ರಮೇಣ ಆಳಕ್ಕಿಳಿಯುತ್ತವೆ. ಹಳೆಯ ಕಾರುಗಳ ಬೀಡಿಂಗ್ ಮೂಲೆಗಳಲ್ಲೇ ಮೊದಲು ಸೀಳುವುದಕ್ಕೆ ಮುಖ್ಯ ಕಾರಣ ಇದೇ, ಏಕೆಂದರೆ ಬಾಗಿದ ಪಟ್ಟಿಯ ಹೊರಮೈ ಸದಾ ಎಳೆತದಲ್ಲಿರುತ್ತದೆ.

ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ಅವರ ತಂಡ 1930ರಲ್ಲಿ ತಯಾರಿಸಿದ, ಮುಂದೆ ನಿಯೋಪ್ರೀನ್ ಎಂದು ಹೆಸರಾದ ಕೃತಕ ರಬ್ಬರು ಓಝೋನಿಗೂ ಎಣ್ಣೆಗೂ ಸಾಕಷ್ಟು ಮಟ್ಟಿಗೆ ಜಗ್ಗದೆ ನಿಂತಿತು. 1960ರ ದಶಕದಲ್ಲಿ ಇಪಿಡಿಎಂ ಬಂತು. ಇದು ಎಥಿಲೀನ್ ಮತ್ತು ಪ್ರೊಪಿಲೀನ್ ಅನಿಲಗಳನ್ನು ಸರಪಳಿಯಾಗಿ ಹೆಣೆದು, ಬೆಸುಗೆಗೆ ಬೇಕಾದ ಜೋಡಿ ಬಂಧಗಳನ್ನು ಮಾತ್ರ ಡೈಯೀನ್ ಎಂಬ ಮೂರನೆಯ ಘಟಕದ ಮೂಲಕ ಸರಪಳಿಯ ಬದಿಗೆ ಸೇರಿಸಿದ ರಬ್ಬರು. ಮುಖ್ಯ ಸರಪಳಿಯಲ್ಲಿ ಜೋಡಿ ಬಂಧಗಳೇ ಇಲ್ಲದ ಕಾರಣ ಓಝೋನಿಗೆ ಕಡಿಯಲು ಏನೂ ಸಿಗುವುದಿಲ್ಲ, ಬಿಸಿಲು ಮಳೆಗಳಿಗೂ ಇದು ದೀರ್ಘಕಾಲ ಬಾಳುತ್ತದೆ. ಆದರೆ ಪೆಟ್ರೋಲಿಯಂ ಮೂಲದ ಗ್ರೀಸ್ ತಗಲಿದರೆ ಇಪಿಡಿಎಂ ಊದಿಕೊಂಡು ಮೆತ್ತಗಾಗುತ್ತದೆ, ಆದ್ದರಿಂದ ಇದಕ್ಕೆ ಸವರಬೇಕಾದದ್ದು ಸಿಲಿಕೋನ್ ಗ್ರೀಸ್.

ಮೊದಲು ಬಾಗಿಲು, ಆಮೇಲೆ ಬೀಡಿಂಗ್

ಕೂರಿಸುವ ಕೆಲಸದ ಕ್ರಮವನ್ನು ಈ ಚರಿತ್ರೆಯೇ ನಿರ್ಧರಿಸುತ್ತದೆ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ನಿಂತಿರುವಾಗ, ಬಾಡಿಯನ್ನು ಚಾಸಿಗೆ ಬಿಗಿಸಿದ ಮೇಲೆ, ಬೀಡಿಂಗ್ ಇಲ್ಲದೆಯೇ ಬಾಗಿಲನ್ನು ತೂಗುಹಾಕಿ, ಕೀಲುಗಳನ್ನು ಹೊಂದಿಸಿ, ಸುತ್ತಲೂ ಸಂದು ಸಮವಾಗಿದೆಯೇ ಎಂದು ನೋಡಬೇಕು. ಜ್ಯಾಕ್ ಮೇಲೆ ಎತ್ತಿದ ಕಾರಿನಲ್ಲಿ ಹೊಂದಿಸಿದ ಬಾಗಿಲು ಕಾರನ್ನು ನೆಲಕ್ಕಿಳಿಸಿದಾಗ ಬೇರೆಯದೇ ಜಾಗಕ್ಕೆ ಬರಬಹುದು. ಬಳಿಕ ಮಕ್ಕಳು ಆಡುವ ಮೇಣದ ಜೇಡಿಯ ಉಂಡೆಗಳನ್ನು ಚೌಕಟ್ಟಿನ ಹಲವೆಡೆ ಅಂಟಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆದರೆ, ಚಪ್ಪಟೆಯಾಗಿ ಉಳಿದ ಜೇಡಿಯ ದಪ್ಪವೇ ಒಳಗಿನ ಸಂದಿನ ನಿಜವಾದ ಅಳತೆಯನ್ನು ಹೇಳುತ್ತದೆ, ಮತ್ತು ಯಾವ ದಪ್ಪದ ಬೀಡಿಂಗ್ ಬೇಕೆಂಬುದು ಆಗ ಊಹೆಯ ವಿಷಯವಾಗಿ ಉಳಿಯುವುದಿಲ್ಲ.

ಅಂಟಿಸುವ ಮಾದರಿಯ ಬೀಡಿಂಗಾದರೆ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದು, ಪಟ್ಟಿಗೂ ತಗಡಿಗೂ ಎರಡಕ್ಕೂ ಅಂಟನ್ನು ಹಚ್ಚಿ, ಅದು ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾಯಬೇಕು. ಜೋಡಣೆ ಕಣ್ಣಿಗೆ ಬೀಳದ ಕೆಳಬದಿಯಿಂದ ಆರಂಭಿಸಿ, ಪಟ್ಟಿಯನ್ನು ಎಲ್ಲಿಯೂ ಎಳೆಯದೆ, ಮೂಲೆ ಬಂದಾಗ ಸ್ವಲ್ಪ ಹೆಚ್ಚೇ ರಬ್ಬರನ್ನು ಒಳಕ್ಕೆ ದೂಡಿ ಕೂರಿಸುತ್ತಾ ಹೋಗಬೇಕು. ಎಳೆದು ಅಂಟಿಸಿದ ಪಟ್ಟಿ ದಿನ ಕಳೆದಂತೆ ತನ್ನ ಉದ್ದಕ್ಕೆ ಮರಳಲು ಹವಣಿಸಿ ಮೂಲೆಗಳಲ್ಲಿ ಕಿತ್ತು ಬರುತ್ತದೆ, ಜೋಡಣೆಯಲ್ಲಿ ಬಾಯಿಬಿಡುತ್ತದೆ, ನೈಸರ್ಗಿಕ ರಬ್ಬರಾದರೆ ಓಝೋನ್ ಬಿರುಕನ್ನೂ ಬೇಗ ತಂದುಕೊಳ್ಳುತ್ತದೆ. ಆದ್ದರಿಂದ ಕೊನೆಯ ತುದಿಯನ್ನು ಬೇಕಾದುದಕ್ಕಿಂತ ಕೆಲವು ಮಿಲಿಮೀಟರ್ ಉದ್ದವಾಗಿಯೇ ಕತ್ತರಿಸಿ, ಎರಡು ತುದಿಗಳೂ ಒಂದನ್ನೊಂದು ಒತ್ತಿಕೊಂಡಿರುವಂತೆ ಸೇರಿಸುವುದು ಕ್ರಮ.

ಕೂರಿಸಿದ ಮೇಲೆ ರಬ್ಬರಿನ ಮೈಗೆ ಸೀಮೆಸುಣ್ಣ ಸವರಿ ಬಾಗಿಲು ಮುಚ್ಚಿ ತೆರೆದಾಗ ಎದುರಿನ ತಗಡಿನ ಮೇಲೆ ಅಖಂಡವಾದ ಬಿಳಿ ಗೆರೆ ಮೂಡಬೇಕು. ಗೆರೆ ತುಂಡಾದಲ್ಲಿ ನೀರು ನುಗ್ಗುತ್ತದೆ, ಗೆರೆ ಅತಿಯಾಗಿ ಅಗಲವಾದಲ್ಲಿ ಬಾಗಿಲು ಬಿಗಿಯಾಗಿದೆ. ಚಿಲಕವನ್ನು ಹಿಡಿದಿಡುವ ಸ್ಟ್ರೈಕರ್ ಎಂಬ ಕೊಂಡಿಯನ್ನು ಈ ಗೆರೆ ನೋಡಿಕೊಂಡೇ ಹೊಂದಿಸಬೇಕು. ಹೊಸ ರಬ್ಬರು ಒತ್ತಡಕ್ಕೆ ಒಗ್ಗಿಕೊಳ್ಳಲು ಕೆಲವು ದಿನ ಬೇಕಾಗುವುದರಿಂದ, ಬಾಗಿಲು ಆರಂಭದಲ್ಲಿ ತುಸು ಬಿಗಿಯಾಗಿದ್ದರೆ ಅದನ್ನು ಮುಚ್ಚಿಟ್ಟು ಕಾಯುವುದು ಕೀಲುಗಳನ್ನು ಮತ್ತೆ ಬಿಚ್ಚುವುದಕ್ಕಿಂತ ಮೇಲು.

ಇಷ್ಟೆಲ್ಲ ಮಾಡಿದರೂ ಬಾಗಿಲಿನ ಒಳಗೆ ನೀರು ಬಂದೇ ಬರುತ್ತದೆ, ಏಕೆಂದರೆ ಕಿಟಕಿಯ ಗಾಜು ಇಳಿಯುವ ಸೀಳಿನಿಂದ ಮಳೆನೀರು ಬಾಗಿಲಿನ ಹೊಟ್ಟೆಗೆ ಇಳಿದು ತಳದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಹೋಗುವುದೇ ಅದರ ಮೂಲ ವಿನ್ಯಾಸ. ಪೇಂಟ್, ಪುಟ್ಟಿ ಅಥವಾ ಬೀಡಿಂಗಿನ ಅಂಟು ಆ ರಂಧ್ರಗಳನ್ನು ಮುಚ್ಚಿದರೆ ನೀರು ನಿಂತು, ಹೊಸದಾಗಿ ಕಟ್ಟಿದ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಹಳೆಯ ತುಂಡಿನ ಬೆಲೆ

ಹಳೆಯ ಕಾರನ್ನು ಮೂಲ ರೂಪದಲ್ಲೇ ಉಳಿಸಿಕೊಳ್ಳುವುದಕ್ಕೆ ಭಾರತದಲ್ಲಿ 2021ರಿಂದ ಕಾನೂನಿನ ಮಹತ್ವವೂ ಬಂದಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಆ ವರ್ಷ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿ ಉಳಿದ ವಾಹನಗಳನ್ನು ವಿಂಟೇಜ್ ಎಂದು ಪರಿಗಣಿಸಿ, ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಂಖ್ಯೆ ನೀಡಲಾಗುತ್ತದೆ. ಉತ್ತರಪಾರಾದಲ್ಲಿ ತಯಾರಾದ ಮೊದಮೊದಲ ಅಂಬಾಸಿಡರ್‌ಗಳೂ ಮುಂಬೈಯ ಹಳೆಯ ಫಿಯಾಟ್ 1100ಗಳೂ ಈ ವಯಸ್ಸನ್ನು ದಾಟಿವೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಅದೇ ಸೀಮೆಯ ಗುಡ್ಡಗಳಲ್ಲಿ ರಬ್ಬರ್ ತೋಟಗಳೂ ಇವೆ. ಕಾರನ್ನು ಕಾಪಾಡುವ ಆಸ್ಥೆಯೂ ರಬ್ಬರಿನ ಪರಿಚಯವೂ ಇಲ್ಲಿ ಒಟ್ಟಿಗೇ ಇವೆ.

ಇಲ್ಲದಿರುವುದು ಹಳೆಯ ಬೀಡಿಂಗಿನ ದಾಖಲೆ. ಬೀಡಿಂಗ್ ತಯಾರಿಸುವುದು ಎಕ್ಸ್‌ಟ್ರೂಷನ್ ವಿಧಾನದಿಂದ, ಅಂದರೆ ಪಟ್ಟಿಯ ಅಡ್ಡಕೊಯ್ತದ ಆಕಾರದಲ್ಲೇ ಕೊರೆದ ರಂಧ್ರವಿರುವ ಉಕ್ಕಿನ ಡೈ ಮೂಲಕ ಹದಗೊಂಡ ರಬ್ಬರನ್ನು ಒತ್ತಿ ಹೊರತೆಗೆದು, ಆ ಮೇಲೆ ವಲ್ಕನೀಕರಿಸುವುದರಿಂದ. ಹೊಸ ಡೈ ಕೊರೆಯಲು ಬೇಕಾದುದು ಆಕಾರ ಕೆಡದ ಒಂದು ಸಣ್ಣ ತುಂಡು ಮಾತ್ರ. ಆದರೆ ಕಾರು ಬಿಚ್ಚುವಾಗ ಮೊದಲು ಕಸಕ್ಕೆ ಹೋಗುವುದೇ ಆ ಪೆಡಸಾದ ರಬ್ಬರು. ಒತ್ತಡ ಕಡಿಮೆ ಇರುವ ಮೇಲಂಚಿನಿಂದಲೋ ಕೀಲಿನ ಬದಿಯಿಂದಲೋ ಅಂಥ ಒಂದು ತುಂಡನ್ನು ಕತ್ತರಿಸಿ, ಕಾರಿನ ಹೆಸರು, ವರ್ಷ, ಯಾವ ಬಾಗಿಲಿನ ಯಾವ ಬದಿ ಎಂಬುದನ್ನು ಬರೆದ ಚೀಟಿಯೊಂದಿಗೆ ತೆಗೆದಿಡುವುದನ್ನು ರೂಢಿ ಮಾಡಿಕೊಂಡರೆ, ಆ ಕಾರಿಗೆ ಮಾತ್ರವಲ್ಲ, ಅದೇ ಮಾದರಿಯ ಉಳಿದೆಲ್ಲ ಕಾರುಗಳಿಗೂ ಸರಿಯಾದ ಬೀಡಿಂಗ್ ಮಾಡಿಸಿಕೊಳ್ಳುವ ದಾರಿ ತೆರೆದಿರುತ್ತದೆ.